ಟವರ್ ಇಲ್ಲದ ಮಾತು: ಅಡ್‌ಹಾಕ್ ನಿಸ್ತಂತು ಜಾಲಗಳ ಮೂಲ ಸಂಗತಿಗಳು

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

 

ಕಾರ್ಯದರ್ಶಿಗಳು ನನಗೆ ಫೋನ್ ಮಾಡಿ, "ಸರ್, ಕಂಪ್ಯೂಟರ್ ವಿಷಯದಲ್ಲಿ ಏನಾದರೂ ಮಾತನಾಡಿ, ಆದರೆ ಮಕ್ಕಳಿಗೆ ನಿದ್ದೆ ಬರಬಾರದು" ಎಂದಿದ್ದರು. ಮಧ್ಯಾಹ್ನದ ಊಟವಾದ ಮೇಲಿನ ಹೊತ್ತನ್ನು ನನಗೆ ಕೊಟ್ಟು ಈ ಷರತ್ತು ಹಾಕಿದ್ದು ನ್ಯಾಯವಲ್ಲ. ಆದರೂ ಪ್ರಯತ್ನಿಸುತ್ತೇನೆ.

ಮೊದಲ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿರುವ ಇಬ್ಬರು ಒಬ್ಬರಿಗೊಬ್ಬರು ಮೊಬೈಲ್‌ನಲ್ಲಿ ಕರೆ ಮಾಡುತ್ತಾರೆ ಎಂದು ಭಾವಿಸಿ. ಇಬ್ಬರ ನಡುವೆ ಇರುವುದು ಒಂದು ಮೊಳದ ದೂರ. ಆದರೆ ಮಾತು ಆ ಒಂದು ಮೊಳವನ್ನು ನೇರವಾಗಿ ದಾಟುವುದಿಲ್ಲ. ಮೊದಲು ಅದು ಟವರ್‌ಗೆ ಹೋಗುತ್ತದೆ, ಅಲ್ಲಿಂದ ಕಂಪೆನಿಯ ವಿನಿಮಯ ಕೇಂದ್ರಕ್ಕೆ ಹೋಗಿ, ತಿರುಗಿ ಟವರ್‌ಗೆ ಬಂದು, ಆಮೇಲೆ ಪಕ್ಕದವರ ಕಿವಿಗೆ ತಲುಪುತ್ತದೆ. ಟವರ್ ಕೆಟ್ಟರೆ ಪಕ್ಕಪಕ್ಕದಲ್ಲಿರುವ ಎರಡು ಒಳ್ಳೆಯ ಫೋನುಗಳೂ ಕಿವುಡಾಗುತ್ತವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಾವೆಲ್ಲ ಇದನ್ನು ಕಂಡಿದ್ದೇವೆ. ಅನೇಕ ಕಡೆ ಕರೆಂಟು ಹೋಯಿತು, ಫೋನ್ ಸಂಪರ್ಕ ಹೋಯಿತು. ಗುಡ್ಡದ ಆಚೆ ಸಿಕ್ಕಿಕೊಂಡವರ ಕೈಯಲ್ಲಿ ಫೋನ್ ಇತ್ತು, ಬ್ಯಾಟರಿಯೂ ಸ್ವಲ್ಪ ಇತ್ತು, ಆದರೆ ಮಾತನ್ನು ಹೊತ್ತೊಯ್ಯುವವರು ಇರಲಿಲ್ಲ.

ಹಾಗಾದರೆ ಈ ಫೋನುಗಳೇ, ಈ ಕಂಪ್ಯೂಟರುಗಳೇ ಒಂದರ ಮಾತನ್ನು ಇನ್ನೊಂದು ಹೊತ್ತು ದಾಟಿಸಲು ಸಾಧ್ಯವಿಲ್ಲವೇ? ಈ ಪ್ರಶ್ನೆಯೇ ಇಂದಿನ ನನ್ನ ವಿಷಯ.

'ಅಡ್‌ಹಾಕ್' ಎಂಬುದು ಲ್ಯಾಟಿನ್ ಮಾತು. 'ಇದಕ್ಕಾಗಿ', ಅಂದರೆ ಈ ಒಂದು ಕೆಲಸಕ್ಕಾಗಿ ಎಂದು ಅರ್ಥ. ಸಂಘ ಸಂಸ್ಥೆಗಳನ್ನು ನಡೆಸುವ ಹಿರಿಯರಿಗೆ ಅಡ್‌ಹಾಕ್ ಕಮಿಟಿ ಗೊತ್ತು. ಕಟ್ಟಡಕ್ಕೆ ಶಂಕುಸ್ಥಾಪನೆ ಮಾಡಬೇಕು, ಐದು ಜನ ಸೇರುತ್ತಾರೆ, ಕೆಲಸ ಮುಗಿಯುತ್ತದೆ, ಕಮಿಟಿ ಕರಗುತ್ತದೆ. (ಕೆಲವು ಕರಗುವುದೇ ಇಲ್ಲ, ಅದು ಬೇರೆ ಮಾತು.) ಅಡ್‌ಹಾಕ್ ಜಾಲವೂ ಹೀಗೆಯೇ. ಟವರ್ ಇಲ್ಲ, ರೂಟರ್ ಇಲ್ಲ, ಮೇಲ್ವಿಚಾರಕ ಇಲ್ಲ. ರೇಡಿಯೋ ಇರುವ ಒಂದಷ್ಟು ಯಂತ್ರಗಳು ಹತ್ತಿರ ಬಂದಾಗ ತಾವಾಗಿಯೇ ಒಂದು ಜಾಲವಾಗುತ್ತವೆ, ದೂರ ಹೋದಾಗ ಜಾಲ ಬಿಚ್ಚಿಕೊಳ್ಳುತ್ತದೆ. ಅದರಲ್ಲಿರುವ ಪ್ರತಿಯೊಂದು ಯಂತ್ರವನ್ನೂ ನೋಡ್ ಎನ್ನುತ್ತೇವೆ. ಪ್ರತಿ ನೋಡ್ ತನ್ನ ಮಾತನ್ನೂ ಆಡುತ್ತದೆ, ಬೇರೆಯವರ ಮಾತನ್ನೂ ದಾಟಿಸುತ್ತದೆ.

ಮನೆಗೆ ಆರ್‌ಸಿಸಿ ಹಾಕುವ ದಿನ ನೀವು ನೋಡಿರುತ್ತೀರಿ. ಕೆಳಗೆ ಕಾಂಕ್ರೀಟು ಕಲಸುತ್ತಿರುತ್ತಾರೆ, ಮೇಲೆ ಮೇಸ್ತ್ರಿ ಕಾಯುತ್ತಿರುತ್ತಾನೆ. ನಡುವೆ ಸಾಲಾಗಿ ನಿಂತವರ ಕೈಯಿಂದ ಕೈಗೆ ಬಾಣಲಿಗಳು ಹತ್ತುತ್ತವೆ. ಯಾರೂ ಕೆಳಗಿನಿಂದ ಮೇಲಿನವರೆಗೆ ಓಡುವುದಿಲ್ಲ, ಪ್ರತಿಯೊಬ್ಬರ ಕೈ ಪಕ್ಕದವರ ಕೈಗೆ ಎಟುಕಿದರೆ ಸಾಕು. ಒಬ್ಬ ನೀರು ಕುಡಿಯಲು ಹೋದರೆ ಅಕ್ಕಪಕ್ಕದವರು ಅರ್ಧ ಹೆಜ್ಜೆ ಸರಿದು ಸಾಲನ್ನು ಮತ್ತೆ ಕೂಡಿಸುತ್ತಾರೆ. ಇಲ್ಲಿ ಬಾಣಲಿಯ ಜಾಗದಲ್ಲಿ ಪ್ಯಾಕೆಟ್ ಎಂಬ ಮಾಹಿತಿಯ ಸಣ್ಣ ಪೊಟ್ಟಣ ಇರುತ್ತದೆ. ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವುದನ್ನು ಹಾಪ್ ಎನ್ನುತ್ತಾರೆ.

ಆದರೆ ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಕೂಲಿಯವರಿಗೆ ತಾರಸಿ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ನೋಡ್‌ಗೆ ಕಾಣುವುದಿಲ್ಲ. ಈ ಒಂದು ವ್ಯತ್ಯಾಸ ನನಗೆ ಅರ್ಥವಾದದ್ದು ನಾಲ್ಕು ಜನರ ಮುಂದೆ ಅವಮಾನವಾದ ಮೇಲೆ.

2006ನೇ ಇಸವಿ. ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪಾಠ ಮಾಡುತ್ತಿದ್ದೆ. ವಿಂಡೋಸ್ ಎಕ್ಸ್‌ಪಿ ಇದ್ದ ಲ್ಯಾಪ್‌ಟಾಪುಗಳಲ್ಲಿ ವೈ-ಫೈ ಸೆಟ್ಟಿಂಗ್ ತೆರೆದರೆ ಅಡ್‌ಹಾಕ್ ಎಂಬ ಆಯ್ಕೆ ಇತ್ತು. ಹೊರಗಿನಿಂದ ಪರಿಶೀಲನೆಗೆ ಬಂದ ಹಿರಿಯ ಪ್ರಾಧ್ಯಾಪಕರಿಗೆ ತೋರಿಸೋಣವೆಂದು ನಾಲ್ಕು ಲ್ಯಾಪ್‌ಟಾಪುಗಳನ್ನು ಉದ್ದದ ಕಾರಿಡಾರಿನಲ್ಲಿ, ತಿರುವಿನ ಆಚೆಯವರೆಗೆ ಇಟ್ಟೆವು. ಕೆಂಪುಕಲ್ಲಿನ ದಪ್ಪ ಗೋಡೆ, ಮೊದಲನೆಯದಕ್ಕೆ ನಾಲ್ಕನೆಯದು ನೇರವಾಗಿ ಸಿಗುವುದಿಲ್ಲ. ನಡುವಿನ ಎರಡು ಮಾಹಿತಿಯನ್ನು ದಾಟಿಸುತ್ತವೆ ಎಂದು ನಾನು ಗಟ್ಟಿಯಾಗಿ ವಿವರಿಸಿದೆ. ಮೊದಲನೆಯದರಿಂದ ಎರಡನೆಯದಕ್ಕೆ ಹೋಯಿತು. ನಾಲ್ಕನೆಯದಕ್ಕೆ ಹೋಗಲೇ ಇಲ್ಲ. ಆಂಟೆನಾ ಸರಿಯಿಲ್ಲ ಎಂದೆ. ಗೋಡೆ ದಪ್ಪ ಎಂದೆ. ಪ್ರಾಧ್ಯಾಪಕರು ಚಹಾ ಮುಗಿಸಿ, "ನೋಡಿ ಸರ್, ಇನ್ನೊಮ್ಮೆ ಓದಿ ನೋಡಿ" ಎಂದು ಮೆಲ್ಲಗೆ ಹೇಳಿ ಹೋದರು.

ರಾತ್ರಿ ಓದಿದಾಗ ತಿಳಿಯಿತು. ತಪ್ಪು ಗೋಡೆಯದಲ್ಲ, ನನ್ನದು. ವೈ-ಫೈನ ಅಡ್‌ಹಾಕ್ ಎಂಬ ಆಯ್ಕೆ ಮಾಡುವುದು ಒಂದೇ ಕೆಲಸ: ಪರಸ್ಪರ ಎಟುಕುವ ಯಂತ್ರಗಳು ರೂಟರ್ ಇಲ್ಲದೆ ನೇರವಾಗಿ ಮಾತನಾಡಲು ಅನುಮತಿ ಕೊಡುವುದು. ಬೇರೆಯವರ ಪ್ಯಾಕೆಟ್ ಬಂದರೆ ಅದನ್ನು ಮುಂದೆ ಯಾರಿಗೆ ಕೊಡಬೇಕು ಎಂಬ ಬುದ್ಧಿ ಅದರಲ್ಲಿ ಇಲ್ಲ. ಆ ಬುದ್ಧಿಗೆ ರೂಟಿಂಗ್ ಎಂದು ಹೆಸರು. ಅದು ಬೇರೆಯೇ ತಂತ್ರಾಂಶ, ಬೇರೆಯೇ ಪದರ. ಇಂದಿಗೂ ಸಂದರ್ಶನಗಳಲ್ಲಿ ವಿದ್ಯಾರ್ಥಿಗಳು ಈ ಎರಡನ್ನು ಒಂದೇ ಎಂದುಕೊಂಡು ಎಡವುತ್ತಾರೆ. ಎಡವಿದವನೇ ಹೇಳುತ್ತಿದ್ದೇನೆ, ನೆನಪಿಡಿ.

ಸ್ವಲ್ಪ ಇತಿಹಾಸ ಹೇಳುತ್ತೇನೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಜೊತೆಗಾರರು ಅಲೋಹಾನೆಟ್ ಎಂಬ ರೇಡಿಯೋ ಜಾಲವನ್ನು ಆರಂಭಿಸಿದರು. ಸಮುದ್ರದ ನಡುವಿನ ದ್ವೀಪಗಳು, ಕಂಪ್ಯೂಟರ್ ಇರುವುದು ಒಂದು ಕಡೆ, ಬಳಸುವವರು ಹಲವು ಕಡೆ. ಅವರ ಉಪಾಯ ಬಹಳ ಸರಳ. ಹೇಳುವುದಿದ್ದರೆ ಹೇಳಿಬಿಡು. ಇಬ್ಬರು ಒಟ್ಟಿಗೆ ಮಾತನಾಡಿ ಎರಡೂ ಕೆಟ್ಟರೆ, ಪ್ರತಿಯೊಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಹೇಳಿ. ಈ ಶುದ್ಧ ಅಲೋಹಾ ವಿಧಾನದಲ್ಲಿ ವಾಹಿನಿಯ ಸಾಮರ್ಥ್ಯದಲ್ಲಿ ಹೆಚ್ಚೆಂದರೆ ಶೇಕಡಾ 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಗಣಿತ ತೋರಿಸುತ್ತದೆ. ಅಷ್ಟೇ ಇದ್ದರೂ ಕೆಲಸ ನಡೆಯಿತು. ಆದರೆ ಅಲೋಹಾನೆಟ್‌ನಲ್ಲಿ ಎಲ್ಲರೂ ಒಂದೇ ಕೇಂದ್ರಕ್ಕೆ ಮಾತನಾಡುತ್ತಿದ್ದರು. ಅದರಲ್ಲಿ ಇದ್ದದ್ದು ಒಂದೇ ಹಾಪ್.

ಹಲವು ಹಾಪ್‌ಗಳ ರೇಡಿಯೋ ಜಾಲ ಬಂದದ್ದು ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾ 1973ರಲ್ಲಿ ಆರಂಭಿಸಿದ ಪ್ಯಾಕೆಟ್ ರೇಡಿಯೋ ಯೋಜನೆಯಿಂದ. ರಾಬರ್ಟ್ ಕಾನ್ ಅದರ ಹಿಂದಿದ್ದವರು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಗುಡ್ಡಗಳ ಮೇಲೆ ರಿಪೀಟರುಗಳು, ಓಡಾಡುವ ನೋಡ್ ಆಗಿ ಒಂದು ದೊಡ್ಡ ವ್ಯಾನು. ರೇಡಿಯೋ ಪೆಟ್ಟಿಗೆಗಳು ಅಷ್ಟು ದೊಡ್ಡದಾಗಿದ್ದವು, ಲ್ಯಾಪ್‌ಟಾಪ್ ಎಂಬುದು ಕನಸು. 1977ರ ನವೆಂಬರ್ 22ರಂದು ಆ ವ್ಯಾನಿನಿಂದ ಹೊರಟ ಪ್ಯಾಕೆಟುಗಳು ರೇಡಿಯೋ ಜಾಲ, ಅರ್ಪಾನೆಟ್, ಉಪಗ್ರಹ ಜಾಲ, ಈ ಮೂರನ್ನೂ ದಾಟಿ ಹೋದವು. ಬೇರೆ ಬೇರೆ ಜಾಲಗಳನ್ನು ಹೆಣೆಯುವ ಇಂಟರ್ನೆಟ್‌ನ ಕಲ್ಪನೆ ನಿಜವಾಗಿ ಪರೀಕ್ಷೆಗೆ ನಿಂತದ್ದು ಆ ದಿನ. ಅಂದರೆ ಚಲಿಸುವ ನಿಸ್ತಂತು ಜಾಲ ಇಂಟರ್ನೆಟ್‌ನ ತಮ್ಮನಲ್ಲ, ಜೊತೆಗೆ ಹುಟ್ಟಿದ ಸೋದರ.

ಆಮೇಲೆ ಇಪ್ಪತ್ತು ವರ್ಷ ಇದು ಹೆಚ್ಚಾಗಿ ಸೈನ್ಯದವರ ವಿಷಯವಾಗಿಯೇ ಉಳಿಯಿತು. 1997ರಲ್ಲಿ ಐಇಇಇ 802.11 ಎಂಬ ವೈ-ಫೈ ಮಾನದಂಡ ಬಂತು, ರೇಡಿಯೋ ಅಗ್ಗವಾಯಿತು. ಅದೇ ವರ್ಷ ಇಂಟರ್ನೆಟ್‌ನ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯಲ್ಲಿ ಮ್ಯಾನೆಟ್ ಎಂಬ ಕಾರ್ಯತಂಡ ರಚನೆಯಾಯಿತು. ಚಲಿಸುವ ಅಡ್‌ಹಾಕ್ ಜಾಲಗಳಿಗೆ ದಾರಿ ಹುಡುಕುವ ನಿಯಮಗಳನ್ನು ಬರೆಯುವುದು ಅದರ ಕೆಲಸ.

ಈಗ ಮುಖ್ಯ ವಿಷಯಕ್ಕೆ ಬರೋಣ. ದಾರಿ ಹುಡುಕುವುದು ಹೇಗೆ?

ಗೊತ್ತಿಲ್ಲದ ಊರಿನಲ್ಲಿ ನೀವು ಒಂದು ಮನೆ ಹುಡುಕುತ್ತಿದ್ದೀರಿ. ಸಿಕ್ಕಿದವರನ್ನು ಕೇಳುತ್ತೀರಿ. ಅವರಿಗೆ ಗೊತ್ತಿಲ್ಲದಿದ್ದರೆ ಅವರು ತಮ್ಮ ಪಕ್ಕದವರನ್ನು ಕೇಳುತ್ತಾರೆ. ಹೀಗೆ ಪ್ರಶ್ನೆ ಊರೆಲ್ಲ ಹರಡುತ್ತದೆ. 'ಯಾರು ನನ್ನನ್ನು ಕೇಳಿದರು' ಎಂಬುದನ್ನು ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳುತ್ತಾರೆ. ಪ್ರಶ್ನೆ ಕೊನೆಗೆ ಆ ಮನೆಯವರಿಗೇ ತಲುಪಿದಾಗ ಅವರು, "ನಾನೇ ಅದು" ಎಂದು ಕೇಳಿದವರಿಗೆ ಹೇಳುತ್ತಾರೆ. ಅವರು ತಮ್ಮನ್ನು ಕೇಳಿದವರಿಗೆ ಹೇಳುತ್ತಾರೆ. ಉತ್ತರ ಪ್ರಶ್ನೆ ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ನಿಮ್ಮನ್ನು ಮುಟ್ಟುತ್ತದೆ. ಹಾಗೆ ಹಿಂದಕ್ಕೆ ಬರುವಾಗ ಮುಂದಿನ ದಾರಿ ತಾನಾಗಿ ಮೂಡಿರುತ್ತದೆ. ಇದು ಎಒಡಿವಿ ಎಂಬ ವಿಧಾನ. ಚಾರ್ಲ್ಸ್ ಪರ್ಕಿನ್ಸ್, ಎಲಿಜಬೆತ್ ಬೆಲ್ಡಿಂಗ್ ರಾಯರ್, ಸಮೀರ್ ದಾಸ್ ಇವರು ಬರೆದ ಅದರ ನಿಯಮಾವಳಿ 2003ರ ಜುಲೈನಲ್ಲಿ ಪ್ರಕಟವಾಯಿತು. ಇದರ ಚೆಲುವು ಏನೆಂದರೆ ಯಾರೊಬ್ಬರಿಗೂ ಇಡೀ ದಾರಿ ಗೊತ್ತಿರುವುದಿಲ್ಲ. ಪ್ರತಿಯೊಬ್ಬರಿಗೂ ಗೊತ್ತಿರುವುದು 'ಮುಂದಿನವರು ಯಾರು' ಎಂಬುದಷ್ಟೇ. ಬೇಕಾದಾಗ ಮಾತ್ರ ದಾರಿ ಹುಡುಕುತ್ತದೆ, ಬೇಡದಾಗ ಸುಮ್ಮನಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ದಾರಿ ಹೇಳುವವರಲ್ಲಿ ಒಬ್ಬರು ಹೋದ ವರ್ಷದ ಸುದ್ದಿ ಹೇಳಿದರೆ? ಆ ಮನೆಯವರು ಬೇರೆ ಬೀದಿಗೆ ಹೋಗಿರುತ್ತಾರೆ. ನೀವು ಎಡಕ್ಕೆ ಹೋಗಿ ಎಂಬವರ ಮಾತು ಕೇಳಿ ಹೋಗುತ್ತೀರಿ, ಅಲ್ಲಿದ್ದವರು ಬಲಕ್ಕೆ ಹೋಗಿ ಎನ್ನುತ್ತಾರೆ, ಸಂಜೆಯವರೆಗೆ ಅದೇ ಎರಡು ಬೀದಿಗಳಲ್ಲಿ ಸುತ್ತುತ್ತೀರಿ. ಜಾಲದಲ್ಲಿ ಪ್ಯಾಕೆಟುಗಳೂ ಹೀಗೆ ಸುತ್ತುತ್ತವೆ. ಇದಕ್ಕೆ ಮದ್ದು ಕ್ರಮಸಂಖ್ಯೆ. ಪ್ರತಿ ನೋಡ್ ತನ್ನ ಬಗೆಗಿನ ಸುದ್ದಿಗೆ ಒಂದು ಸಂಖ್ಯೆ ಹಾಕುತ್ತದೆ, ಹೊಸ ಸುದ್ದಿಗೆ ದೊಡ್ಡ ಸಂಖ್ಯೆ. ಎರಡು ಉತ್ತರ ಬಂದರೆ ದೊಡ್ಡ ಸಂಖ್ಯೆಯದನ್ನು ನಂಬು. ಸಂಖ್ಯೆ ಒಂದೇ ಆಗಿದ್ದರೆ ಕಡಿಮೆ ಹಾಪ್‌ನ ದಾರಿ ಹಿಡಿ. ಈ ಉಪಾಯವನ್ನು ಪರ್ಕಿನ್ಸ್ ಮತ್ತು ಪ್ರವೀಣ್ ಭಾಗವತ್ 1994ರಲ್ಲೇ ಡಿಎಸ್‌ಡಿವಿ ಎಂಬ ವಿಧಾನದಲ್ಲಿ ಬಳಸಿದ್ದರು. ಪರೀಕ್ಷೆಯಲ್ಲಿ ಎಒಡಿವಿ ಬಗ್ಗೆ ಪ್ರಶ್ನೆ ಬಂದರೆ ಎಲ್ಲರೂ ಬಾಣ ಹಾಕಿದ ಚಿತ್ರ ಬರೆಯುತ್ತಾರೆ. ಕ್ರಮಸಂಖ್ಯೆ ಯಾಕೆ ಎಂದು ಬರೆಯುವವರು ಕಡಿಮೆ. ನಾನಾದರೆ ಅಂಕವನ್ನು ಅಲ್ಲಿಯೇ ಕೊಡುತ್ತೇನೆ.

ಉಳಿದ ವಿಧಾನಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಡಿಎಸ್ಆರ್ ಎಂಬುದರಲ್ಲಿ ಇಡೀ ದಾರಿಯನ್ನು ಪ್ಯಾಕೆಟ್ಟಿನ ತಲೆಯ ಮೇಲೆಯೇ ಬರೆದು ಕಳಿಸುತ್ತಾರೆ, ಅಂಚೆ ಲಕೋಟೆಯ ಮೇಲೆ ದಾರಿಯ ಎಲ್ಲ ಊರುಗಳನ್ನೂ ಬರೆದ ಹಾಗೆ. ಓಎಲ್ಎಸ್ಆರ್ ಎಂಬ ಫ್ರಾನ್ಸ್ ಮೂಲದ ವಿಧಾನದಲ್ಲಿ ದಾರಿಯ ಪಟ್ಟಿಯನ್ನು ಯಾವಾಗಲೂ ಸಿದ್ಧವಾಗಿಟ್ಟುಕೊಳ್ಳುತ್ತಾರೆ. ಸುದ್ದಿಯನ್ನು ಎಲ್ಲರೂ ಎಲ್ಲರಿಗೂ ಕೂಗುವ ಬದಲು ಆಯ್ದ ಕೆಲವರು ಮಾತ್ರ ಮುಂದಕ್ಕೆ ಕೂಗುತ್ತಾರೆ. ಮದುವೆಯ ಕರೆಯನ್ನು ಕೇರಿಗೊಬ್ಬರಂತೆ ಹಂಚಲು ಕೊಟ್ಟ ಹಾಗೆ. ನಮ್ಮ ಕಾರಿಡಾರಿಗೆ ನಾನು ಕೊನೆಗೆ ಹಾಕಿದ್ದು ಇದನ್ನೇ. ಲಿನಕ್ಸ್ ಹಾಕಿ, ವೈ-ಫೈ ಡ್ರೈವರ್ ಸಿಗದೆ ಎರಡು ವಾರ ಒದ್ದಾಡಿ, ಓಎಲ್ಎಸ್ಆರ್ ತಂತ್ರಾಂಶ ಓಡಿಸಿದಾಗ ಮೊದಲನೆಯದರಿಂದ ನಾಲ್ಕನೆಯದಕ್ಕೆ ಉತ್ತರ ಬಂತು. ಜೊತೆಗೆ ಬದಲಿ ದಾರಿಗೆಂದು ತಿರುವಿನಲ್ಲಿ ಐದನೆಯ ಯಂತ್ರವೊಂದನ್ನು ಇಟ್ಟಿದ್ದೆವು. ಓಡುತ್ತಿದ್ದಂತೆಯೇ ಒಬ್ಬ ವಿದ್ಯಾರ್ಥಿ ಮೂರನೆಯ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ. ಉತ್ತರ ನಿಂತಿತು. ಎಲ್ಲರೂ ಉಸಿರು ಹಿಡಿದು ಒಂದು, ಎರಡು ಎಂದು ಎಣಿಸುತ್ತಿದ್ದರು. ಹತ್ತರ ಆಸುಪಾಸಿನಲ್ಲಿ ಉತ್ತರ ಮತ್ತೆ ಹರಿಯತೊಡಗಿತು, ಐದನೆಯದರ ಮೂಲಕ. ಆ ಹುಡುಗರು ಹಾಕಿದ ಕೇಕೆಗೆ ಪಕ್ಕದ ತರಗತಿಯವರು ಹೊರಗೆ ಬಂದರು. ಆದರೆ ಆ ಪ್ರಾಧ್ಯಾಪಕರು ಅಂದು ಇರಲಿಲ್ಲ.

ದಾರಿ ಸಿಕ್ಕಿತು ಎಂದರೆ ಸಮಸ್ಯೆ ಮುಗಿಯಲಿಲ್ಲ. ಗಾಳಿ ಒಂದೇ, ಮಾತನಾಡುವವರು ಹಲವರು. ವೈರಿನ ಜಾಲದಲ್ಲಿ ಮಾತನಾಡುತ್ತಲೇ ಡಿಕ್ಕಿಯನ್ನು ಗುರುತಿಸಬಹುದು. ರೇಡಿಯೋದಲ್ಲಿ ಅದು ಕಷ್ಟ, ಯಾಕೆಂದರೆ ಗಟ್ಟಿಯಾಗಿ ಕೂಗುತ್ತಿರುವವನಿಗೆ ದೂರದ ಪಿಸುಮಾತು ಕೇಳಿಸುವುದಿಲ್ಲ. ಇನ್ನೊಂದು ತೊಡಕೂ ಇದೆ. ಅಂಗಳದಲ್ಲಿ ಅ, ಹೊಸ್ತಿಲಲ್ಲಿ ಬ, ಅಡುಗೆಮನೆಯಲ್ಲಿ ಕ ಇದ್ದಾರೆ ಎನ್ನಿ. ಅ ಮತ್ತು ಕ ಇಬ್ಬರೂ ಬ ಜೊತೆ ಮಾತನಾಡಬಲ್ಲರು, ಆದರೆ ಒಬ್ಬರ ದನಿ ಇನ್ನೊಬ್ಬರಿಗೆ ಕೇಳುವುದಿಲ್ಲ. ಇಬ್ಬರೂ 'ಯಾರೂ ಮಾತನಾಡುತ್ತಿಲ್ಲ' ಎಂದುಕೊಂಡು ಒಟ್ಟಿಗೆ ಆರಂಭಿಸುತ್ತಾರೆ. ಬ ಕಿವಿಗೆ ಬೀಳುವುದು ಗದ್ದಲ ಮಾತ್ರ. ಮಾತು ಕೆಡುವುದು ಕೇಳುವವರ ಬಳಿ, ಆಡುವವರ ಬಳಿ ಅಲ್ಲ. ಇದನ್ನು ಅಡಗಿದ ನೋಡ್‌ನ ಸಮಸ್ಯೆ ಎನ್ನುತ್ತಾರೆ. 1990ರಲ್ಲಿ ಫಿಲ್ ಕಾರ್ನ್ ಎಂಬವರು ಸೂಚಿಸಿದ ಪರಿಹಾರ ಇದು: ಅ ಮೊದಲು ಬ ಬಳಿ ಅಪ್ಪಣೆ ಕೇಳಬೇಕು. ಬ ಗಟ್ಟಿಯಾಗಿ "ಅ ಅವರೇ, ಹೇಳಿ" ಎನ್ನಬೇಕು. ಆ ದನಿ ಕ ಕಿವಿಗೂ ಬೀಳುತ್ತದೆ, ಅವನು ಅಷ್ಟು ಹೊತ್ತು ಸುಮ್ಮನಿರುತ್ತಾನೆ. ಮುಂದೆ ವೈ-ಫೈಯಲ್ಲಿ ಇದೇ ಉಪಾಯ ಐಚ್ಛಿಕವಾಗಿ ಸೇರಿತು. ಅಪ್ಪಣೆ ಕೇಳುವುದಕ್ಕೂ ಸಮಯ ಬೇಕಲ್ಲ, ಆದ್ದರಿಂದ ಸಣ್ಣ ಪ್ಯಾಕೆಟುಗಳಿಗೆ ಇದು ಲಾಭವಲ್ಲ.

ಸಮಯದ ಲೆಕ್ಕ ಇನ್ನೂ ಕಠಿಣ. ನಡುವಿನ ನೋಡ್ ಒಂದೇ ರೇಡಿಯೋದಲ್ಲಿ ಒಟ್ಟಿಗೆ ಕೇಳಿ ಹೇಳಲಾರದು. ಹೀಗಾಗಿ ಎರಡು ಹಾಪ್ ಆದರೆ ವೇಗ ಅರ್ಧ, ಮೂರಾದರೆ ಮೂರನೇ ಒಂದು. ಎಂಐಟಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಉದ್ದನೆಯ ಸಾಲಿನಲ್ಲಿ ತಾತ್ವಿಕವಾಗಿ ನಾಲ್ಕನೇ ಒಂದು ಪಾಲು ಸಿಗಬೇಕಾದಲ್ಲಿ 802.11 ವಿಧಾನದಲ್ಲಿ ಸಿಕ್ಕಿದ್ದು ಸುಮಾರು ಏಳನೇ ಒಂದು ಪಾಲು. ಅದಕ್ಕಿಂತ ಒಂದು ವರ್ಷ ಮೊದಲು, 2000ದಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದ ಪಿಯೂಷ್ ಗುಪ್ತ ಮತ್ತು ಪಿ.ಆರ್. ಕುಮಾರ್ ಇನ್ನೂ ದೊಡ್ಡ ಮಾತನ್ನು ಗಣಿತದಿಂದ ಸಾಧಿಸಿದರು. ಕುಮಾರ್ ಮದರಾಸಿನ ಐಐಟಿಯಲ್ಲಿ ಓದಿದವರು. ನೋಡ್‌ಗಳ ಸಂಖ್ಯೆ ಬೆಳೆದಂತೆ ಪ್ರತಿಯೊಬ್ಬರಿಗೆ ಸಿಗುವ ಪಾಲು ಸರಿಸುಮಾರು ಆ ಸಂಖ್ಯೆಯ ವರ್ಗಮೂಲದ ಪ್ರಮಾಣದಲ್ಲಿ ಕುಗ್ಗುತ್ತದೆ. 100 ನೋಡ್‌ಗಳಿದ್ದಾಗ ಸಿಗುತ್ತಿದ್ದುದರ ಹತ್ತನೇ ಒಂದು ಪಾಲಿನಷ್ಟೇ 10,000 ನೋಡ್‌ಗಳಿದ್ದಾಗ ಸಿಗುತ್ತದೆ. ಕಾರಣ ಸರಳ. ನಿಮ್ಮ ರೇಡಿಯೋ ಹೆಚ್ಚು ಹೊತ್ತು ದುಡಿಯುವುದು ಬೇರೆಯವರ ಹೊರೆ ಹೊರಲು. ಇಡೀ ದೇಶಕ್ಕೆ ಟವರೇ ಬೇಡ, ಫೋನುಗಳೇ ಸಾಕು ಎಂದು ಕನಸು ಕಂಡವರಿಗೆ ಇದು ತಣ್ಣೀರು.

ಎಲ್ಲರೂ ನಿಂತಲ್ಲೇ ನಿಂತಿದ್ದರೆ ಈ ಮಿತಿ. ಆದರೆ ನೋಡ್‌ಗಳು ಓಡಾಡುತ್ತಿದ್ದರೆ, ತಡವಾದರೂ ಪರವಾಗಿಲ್ಲ ಎಂದಾದರೆ, ಲೆಕ್ಕ ಬದಲಾಗುತ್ತದೆ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ದೊಡ್ಡಬಳ್ಳಾಪುರದ್ದು. 2003ರ ಸುಮಾರಿಗೆ ಎಂಐಟಿಯವರ ಡಾಕ್‌ನೆಟ್ ಎಂಬ ಪ್ರಯೋಗ ಅಲ್ಲಿ ನಡೆಯಿತು. ಭೂಮಿ ಯೋಜನೆಯ ಪಹಣಿ ಸಿಗುವುದು ತಾಲ್ಲೂಕು ಕೇಂದ್ರದಲ್ಲಿ, ರೈತ ಇರುವುದು ಹಳ್ಳಿಯಲ್ಲಿ, ನಡುವೆ ಒಳ್ಳೆಯ ಫೋನ್ ಲೈನ್ ಇಲ್ಲ. ಅವರು ಸಾರ್ವಜನಿಕ ಬಸ್ಸಿನಲ್ಲಿ ಒಂದು ವೈ-ಫೈ ಪೆಟ್ಟಿಗೆ ಇಟ್ಟರು. ಬಸ್ಸು ಹಳ್ಳಿಯ ಕೇಂದ್ರದ ಮುಂದೆ ಹಾದು ಹೋಗುವಾಗ ಅಲ್ಲಿಯ ಕಂಪ್ಯೂಟರ್ ತನ್ನ ಬೇಡಿಕೆಗಳನ್ನು ಅದಕ್ಕೆ ಕೊಡುತ್ತದೆ, ಬಂದ ಉತ್ತರಗಳನ್ನು ತೆಗೆದುಕೊಳ್ಳುತ್ತದೆ. ಡ್ರೈವರು ಏನೂ ಮಾಡಬೇಕಾಗಿಲ್ಲ. ಎರಡೂವರೆ ನಿಮಿಷದಷ್ಟು ಸಂಪರ್ಕದಲ್ಲಿ ಸರಾಸರಿ 20 ಮೆಗಾಬೈಟಿನಷ್ಟು ಮಾಹಿತಿ ದಾಟುತ್ತಿತ್ತು. ಆ ಕಾಲದ 56 ಕಿಲೋಬಿಟ್ಟಿನ ಡಯಲ್ ಅಪ್ ಮೋಡೆಮಿನಲ್ಲಿ ಅಷ್ಟನ್ನು ತರಲು, ಲೈನು ಒಮ್ಮೆಯೂ ಕಡಿಯದಿದ್ದರೆ, ಮುಕ್ಕಾಲು ಗಂಟೆ ಬೇಕು. ಕೆಂಪು ಬಸ್ಸು ಮೋಡೆಮನ್ನು ಸೋಲಿಸಿತು ಎಂದು ನಾನು ತರಗತಿಯಲ್ಲಿ ಹೇಳಿದಾಗ ಯಾರೂ ನಂಬುವುದಿಲ್ಲ. ಪೆನ್ಸಿಲ್ ತೆಗೆದು ಲೆಕ್ಕ ಹಾಕಿ ಎನ್ನುತ್ತೇನೆ.

ಕರ್ನಾಟಕದ ಇನ್ನೊಂದು ಪ್ರಯೋಗ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್‌ಲೆಂಡಿನ ಲೊಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಇಪ್ಪತ್ತೊಂದನೇ ಶತಮಾನದ ಮೊದಲ ದಶಕದಲ್ಲಿ ಅಲ್ಲಿಯ ಮಳೆಯಾಶ್ರಿತ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ನಿಸ್ತಂತು ಸಂವೇದಕಗಳನ್ನು ಇಟ್ಟರು. ಒಂದರಿಂದ ಒಂದಕ್ಕೆ ಮಾಹಿತಿ ದಾಟಿಸುವ, ಬ್ಯಾಟರಿಯ ಮೇಲೆ ಬದುಕುವ ಪುಟ್ಟ ಯಂತ್ರಗಳು. ಕೇರಳದ ಮುನ್ನಾರಿನಲ್ಲಿ ಅಮೃತಾ ವಿಶ್ವವಿದ್ಯಾಲಯದವರು ಗುಡ್ಡ ಕುಸಿತದ ಮುನ್ಸೂಚನೆಗಾಗಿ ಇಂಥದ್ದೇ ಜಾಲವನ್ನು ನೆಲದೊಳಗೆ ಹೂತಿಟ್ಟರು. ಇಲ್ಲಿ ವೇಗ ಮುಖ್ಯವಲ್ಲ, ಬ್ಯಾಟರಿ ಮುಖ್ಯ. ಹೆಚ್ಚು ಹೊತ್ತು ನಿದ್ರಿಸಿ, ಸರಿಯಾದ ಹೊತ್ತಿಗೆ ಎದ್ದು, ಎರಡು ಮಾತು ಹೇಳಿ, ಮತ್ತೆ ಮಲಗುವ ಯಂತ್ರವೇ ಒಳ್ಳೆಯ ಯಂತ್ರ. ಹಿಂದಿನ ಬೆಂಚಿನವರು ಇದನ್ನು ತಪ್ಪಾಗಿ ತಿಳಿಯಬಾರದು.

ಬ್ಯಾಟರಿಯ ಮಾತಿನಿಂದಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಬೇರೆಯವರ ಪ್ಯಾಕೆಟ್ ದಾಟಿಸಲು ನನ್ನ ಬ್ಯಾಟರಿ ಯಾಕೆ ಖರ್ಚಾಗಬೇಕು? ನನ್ನದನ್ನು ಮಾತ್ರ ಕಳಿಸಿ, ಉಳಿದವರದನ್ನು ಸದ್ದಿಲ್ಲದೆ ಬಿಸಾಡಿದರೆ ಯಾರಿಗೆ ಗೊತ್ತಾಗುತ್ತದೆ? ಎಲ್ಲರೂ ಹೀಗೆ ಯೋಚಿಸಿದರೆ ಜಾಲವೇ ಇರುವುದಿಲ್ಲ. 2000ದಲ್ಲಿ ಸ್ಟ್ಯಾನ್‌ಫರ್ಡಿನವರು 'ಕಾವಲುನಾಯಿ' ಎಂಬ ಉಪಾಯ ಹೇಳಿದರು: ಪಕ್ಕದವನಿಗೆ ಕೊಟ್ಟ ಪ್ಯಾಕೆಟ್ ಮುಂದೆ ಹೋಯಿತೇ ಎಂದು ಕಿವಿಗೊಟ್ಟು ಕೇಳು, ಹೋಗದಿದ್ದರೆ ಅವನನ್ನು ಬಿಟ್ಟು ಬೇರೆ ದಾರಿ ಹಿಡಿ. ಪಾವಗಡದ ಯೋಜನೆಯಲ್ಲಿದ್ದ ಹ್ಯುಬೋ ಮತ್ತು ಅವರ ಸಹೋದ್ಯೋಗಿ ಬುಟ್ಯಾನ್, ದಾಟಿಸಿದವರಿಗೆ ಕಾಲ್ಪನಿಕ ನಾಣ್ಯ ಕೊಡುವ ಲೆಕ್ಕ ಸೂಚಿಸಿದರು. ಕಾವಲುನಾಯಿಯಲ್ಲಿ ಒಂದು ವಿಚಿತ್ರ ಇದೆ, ಗಮನಿಸಿ. ಮೋಸಗಾರನನ್ನು ದಾರಿಯಿಂದ ತಪ್ಪಿಸಿದರೆ ಅವನಿಗೆ ಬೇಕಾದದ್ದೂ ಅದೇ. ಹೊರೆ ತಪ್ಪಿತು! ಶಿಕ್ಷೆಯೇ ಬಹುಮಾನ.

ಸ್ವಾರ್ಥಿಗಿಂತ ಕೆಟ್ಟವನು ಸುಳ್ಳುಗಾರ. ಎಒಡಿವಿಯಲ್ಲಿ ದೊಡ್ಡ ಕ್ರಮಸಂಖ್ಯೆಯನ್ನು ನಂಬುತ್ತೇವೆ ಎಂದೆನಲ್ಲ, ಒಬ್ಬ ಬೇಕೆಂದೇ ಭಾರೀ ಸಂಖ್ಯೆ ಹಾಕಿ "ನನ್ನ ಬಳಿಯೇ ಹೊಸ ದಾರಿ ಇದೆ" ಎನ್ನಬಹುದು. ಎಲ್ಲರ ಪ್ಯಾಕೆಟುಗಳೂ ಅವನ ಕಡೆ ಹರಿಯುತ್ತವೆ, ಅವನು ನುಂಗಿ ಕೂರುತ್ತಾನೆ. ಇದನ್ನು ಕಪ್ಪುರಂಧ್ರದ ದಾಳಿ ಎನ್ನುತ್ತಾರೆ. ಮೇಲ್ವಿಚಾರಕನಿಲ್ಲದ ಜಾಲದಲ್ಲಿ ಗುರುತನ್ನು ಯಾರು ಪ್ರಮಾಣೀಕರಿಸಬೇಕು ಎಂಬುದಕ್ಕೆ ಸುಲಭದ ಉತ್ತರವಿಲ್ಲ.

ಈಗ ವಿದ್ಯಾರ್ಥಿಗಳೊಡನೆ ಸ್ವಲ್ಪ ಖಾರವಾಗಿ ಮಾತನಾಡುತ್ತೇನೆ, ಬೇಸರಿಸಬೇಡಿ.

ಆ ವರ್ಷಗಳಲ್ಲಿ ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ಅಡ್‌ಹಾಕ್ ನೆಟ್‌ವರ್ಕ್ ಎಂಬಷ್ಟು ಈ ವಿಷಯ ಜನಪ್ರಿಯವಾಗಿತ್ತು. ಅಂಗಡಿಗಳಲ್ಲಿ ಸಿಡಿ, ಬೈಂಡ್ ಮಾಡಿದ ವರದಿ, ಬೇಕಾದರೆ ಎರಡು ದಿನದ ಟ್ಯೂಷನ್ ಸಮೇತ ಮಾರುತ್ತಿದ್ದರು. ನಾನು ಪರೀಕ್ಷಕನಾಗಿ ಹೋದ ಒಂದು ಕಡೆ ಮೂರು ತಂಡಗಳ ಗ್ರಾಫುಗಳು ಒಂದೇ ಆಗಿದ್ದವು. ಬಣ್ಣ ಮಾತ್ರ ಬೇರೆ. ಒಬ್ಬ ಹುಡುಗನನ್ನು ಕೇಳಿದೆ, "ನಿನ್ನ ನೋಡ್‌ನ ದನಿ 250 ಮೀಟರ್ ಕೇಳುತ್ತದೆ ಎಂದು ಬರೆದಿದ್ದೀಯಲ್ಲ, ಯಾಕೆ 250? ಯಾಕೆ 300 ಅಲ್ಲ?" ಅವನು ಪ್ರಾಮಾಣಿಕ. "ಸರ್, ಸಿಡಿಯಲ್ಲಿ ಹಾಗೇ ಇತ್ತು" ಎಂದ.

ಉತ್ತರ ಹೇಳುತ್ತೇನೆ. ಎನ್ಎಸ್-2 ಎಂಬ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಮೊದಲೇ ತುಂಬಿಟ್ಟ ಅಂಕೆಗಳು ಲೂಸೆಂಟ್ ಕಂಪೆನಿಯ 914 ಮೆಗಾಹರ್ಟ್ಸಿನ ಹಳೆಯ ವೇವ್‌ಲ್ಯಾನ್ ಕಾರ್ಡಿನವು. ಆ ಅಂಕೆಗಳನ್ನು ಸಮತಟ್ಟಾದ ನೆಲದ ಸೂತ್ರದಲ್ಲಿ ಹಾಕಿದರೆ 250 ಮೀಟರ್ ಬರುತ್ತದೆ. ನಮ್ಮ ಹುಡುಗರ ಲ್ಯಾಪ್‌ಟಾಪಿನ ರೇಡಿಯೋ ಇದ್ದದ್ದು 2.4 ಗಿಗಾಹರ್ಟ್ಸಿನಲ್ಲಿ, ಗೋಡೆ ಕೆಂಪುಕಲ್ಲಿನದು. ಸಿಮ್ಯುಲೇಷನ್‌ನ ಲೋಕದಲ್ಲಿ ಗುಡ್ಡವಿಲ್ಲ, ಗೋಡೆಯಿಲ್ಲ, ಮಳೆಯಿಲ್ಲ. ಪ್ರತಿ ರೇಡಿಯೋದ ಸುತ್ತ ಕೈವಾರದಿಂದ ಎಳೆದ ವೃತ್ತವಿದೆ. ಈ ರೋಗ ನಮ್ಮ ಕಾಲೇಜುಗಳಿಗೆ ಮಾತ್ರ ಸೀಮಿತವಲ್ಲ ಎಂಬುದನ್ನೂ ಹೇಳಬೇಕು. 2000ದಿಂದ 2005ರವರೆಗೆ ಈ ಕ್ಷೇತ್ರದ ಹೆಸರಾಂತ ಸಮ್ಮೇಳನವೊಂದರಲ್ಲಿ ಪ್ರಕಟವಾದ 151 ಪ್ರಬಂಧಗಳನ್ನು ಅಮೆರಿಕದ ಸಂಶೋಧಕರು ಪರಿಶೀಲಿಸಿದರು. 114 ಪ್ರಬಂಧಗಳು ಸಿಮ್ಯುಲೇಷನ್ ಆಧರಿಸಿದ್ದವು. ಮತ್ತೆ ಮಾಡಿ ನೋಡಲು ಸಾಧ್ಯವಾಗುವಷ್ಟು ವಿವರ ಇದ್ದವು ಶೇಕಡಾ 15ಕ್ಕೂ ಕಡಿಮೆ. ದೊಡ್ಡವರೂ ತಪ್ಪುತ್ತಾರೆ ಎಂಬುದು ಸಿಡಿ ಕೊಳ್ಳಲು ನೆಪವಾಗಬಾರದು. ನಿಮ್ಮ ಶುಲ್ಕ ಕಟ್ಟಲು ತಂದೆ ತಾಯಿ, ಕೆಲವರಿಗೆ ಈ ಸಂಘ, ಎಷ್ಟು ಕಷ್ಟಪಟ್ಟಿದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಕೆಟ್ಟುಹೋದ ಸ್ವಂತ ಪ್ರಯೋಗಕ್ಕೆ ನಾನು ಪರೀಕ್ಷಕನಾಗಿ ಯಾವತ್ತೂ ಒಳ್ಳೆಯ ಅಂಕ ಕೊಟ್ಟಿದ್ದೇನೆ.

ಕೊನೆಯದಾಗಿ, ಇಷ್ಟೆಲ್ಲ ಸಂಶೋಧನೆಯಿಂದ ಉಳಿದದ್ದು ಏನು? ನಿಜ ಹೇಳಬೇಕೆಂದರೆ ಶುದ್ಧ ಅಡ್‌ಹಾಕ್ ಜಾಲ ಪ್ರಯೋಗಾಲಯ ಮತ್ತು ಸೈನ್ಯದ ಹೊರಗೆ ಹೆಚ್ಚು ಬೆಳೆಯಲಿಲ್ಲ. ಅದರ ತುಂಡುಗಳು ಬೆಳೆದವು. ನಿಂತಲ್ಲೇ ನಿಲ್ಲುವ ನೋಡ್‌ಗಳ ಮೆಶ್ ಜಾಲಗಳು ಬಂದವು. ಎಂಐಟಿ ವಿದ್ಯಾರ್ಥಿಗಳ ರೂಫ್‌ನೆಟ್‌ನಿಂದ ಮೆರಾಕಿ ಎಂಬ ಕಂಪೆನಿ ಹುಟ್ಟಿ 2012ರಲ್ಲಿ ಸಿಸ್ಕೊ ಪಾಲಾಯಿತು. ಜರ್ಮನಿಯ ಫ್ರೈಫುಂಕ್, ಸ್ಪೇನಿನ ಗೀಫಿ ಇವು ಜನರೇ ಕಟ್ಟಿಕೊಂಡ ಜಾಲಗಳು. ವೈ-ಫೈ ಮೆಶ್‌ಗೆ 2011ರಲ್ಲಿ, ಬ್ಲೂಟೂತ್ ಮೆಶ್‌ಗೆ 2017ರಲ್ಲಿ ಮಾನದಂಡ ಬಂತು. 2012ರಲ್ಲಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಡಿದಾಗ ಬ್ರೂಕ್ಲಿನ್‌ನ ರೆಡ್ ಹುಕ್ ಬಡಾವಣೆಯವರು ಮೊದಲೇ ಕಟ್ಟಿಟ್ಟಿದ್ದ ಸಣ್ಣ ಮೆಶ್ ಜಾಲ ಅವರ ನೆರವಿಗೆ ಬಂತು. 'ಮೊದಲೇ' ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಕೊಡಗಿನಂಥ ಸಂದರ್ಭದಲ್ಲಿ ನೀರು ಏರಿದ ಮೇಲೆ ತಂತ್ರಾಂಶ ಇಳಿಸಿಕೊಳ್ಳಲು ಇಂಟರ್ನೆಟ್ ಎಲ್ಲಿರುತ್ತದೆ?

ಈಗ ನಮ್ಮ ಕೈಗೆಟುಕುವಂಥದ್ದು 2020ರಲ್ಲಿ ಆರಂಭವಾದ ಮೆಶ್‌ಟಾಸ್ಟಿಕ್ ಎಂಬ ಮುಕ್ತ ತಂತ್ರಾಂಶ. ಅಂಗೈಯಗಲದ ಲೋರಾ ರೇಡಿಯೋ, ಅಲ್ಪ ವಿದ್ಯುತ್ತು, ಚಿಕ್ಕ ಅಕ್ಷರ ಸಂದೇಶಗಳು ಮಾತ್ರ. ಹೆಚ್ಚಾಗಿ ಅದು ದಾರಿಯನ್ನೂ ಹುಡುಕುವುದಿಲ್ಲ. ಕೇಳಿದ್ದನ್ನು ಮತ್ತೆ ಕೂಗುತ್ತದೆ, ಆದರೆ ತನಗಿಂತ ಮೊದಲು ಬೇರೆಯವರು ಕೂಗಿದ್ದು ಕೇಳಿಸಿದರೆ ಸುಮ್ಮನಾಗುತ್ತದೆ. ಸಾಮಾನ್ಯವಾಗಿ ಮೂರು ಹಾಪ್, ಹೆಚ್ಚೆಂದರೆ ಏಳು. ನಮ್ಮ ದೇಶದಲ್ಲಿ ಅದು ಬಳಸುವುದು 865ರಿಂದ 867 ಮೆಗಾಹರ್ಟ್ಸ್ ತರಂಗಗಳನ್ನು, ಇವು ನಿಗದಿತ ಶಕ್ತಿಯ ಮಿತಿಯೊಳಗೆ ಪರವಾನಗಿ ಬೇಡದವು. ಆ ಮಿತಿಯ ನಿಯಮವನ್ನು ಓದಿಯೇ ಕೈ ಹಾಕಿ.

ನಾನು ಅಂಥ ನಾಲ್ಕು ರೇಡಿಯೋಗಳನ್ನು ಬ್ಯಾಗಿನಲ್ಲಿ ತಂದಿದ್ದೇನೆ. ಒಂದು ಈ ಮೇಜಿನ ಮೇಲೆ ಇರುತ್ತದೆ. ಚಹಾದ ವಿರಾಮದಲ್ಲಿ ಮೂವರು ವಿದ್ಯಾರ್ಥಿಗಳು ಉಳಿದವನ್ನು ಹಿಡಿದು ಹೊರಡಲಿ. ಒಬ್ಬರು ಗೇಟಿನ ತನಕ, ಒಬ್ಬರು ಮೈದಾನದ ಆಚೆ ತುದಿಗೆ, ಇನ್ನೊಬ್ಬರು ಕಟ್ಟಡದ ಹಿಂದಿನ ತಗ್ಗಿಗೆ. ತಗ್ಗಿನಿಂದ ಸಂದೇಶ ಈ ಮೇಜಿಗೆ ಬರುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ಬರದಿದ್ದರೆ ಯಾರೂ ಗೋಡೆಯನ್ನು ಬೈಯಬೇಡಿ, ಮೊದಲು ನಾಲ್ಕೂ ರೇಡಿಯೋಗಳ ಸೆಟ್ಟಿಂಗ್ ಒಂದೇ ಇದೆಯೇ ನೋಡಿ. ಪ್ರಶ್ನೆಗಳಿದ್ದರೆ ಅಲ್ಲಿಯೇ ಮೈದಾನದಲ್ಲಿ ಮಾತನಾಡೋಣ.